ಗೋಡೆಗೆ ಹೆಗಲು ಕೊಟ್ಟ ಮರ: ಪಿಯರ್ ಕಥೆ, ನಮ್ಮ ಪೇರಲದ ಕಥೆ

ಈ ಸಲದ ಟಿಪ್ಪಣಿ ಸ್ವಲ್ಪ ಉದ್ದ ಐತೆ, ಬಿಡುವು ಮಾಡ್ಕೊಂಡು ಓದ್ರಿ.

ಮೊಬೈಲಿನಲ್ಲಿ ಒಂದು ಫೋಟೋ ಓಡಾಡ್ತಾ ಐತೆ, ನೀವೂ ನೋಡಿರ್ತೀರಿ. ಒಂದು ಮನೆ ಗೋಡೆ, ಅದಕ್ಕೆ ಅಂಟಿಕೊಂಡಂಗೆ ಒಂದು ಮರ. ನಡುವೆ ನೆಟ್ಟಗೆ ಒಂದೇ ಕಾಂಡ. ಅದರಿಂದ ಎಡಕ್ಕೊಂದು ಬಲಕ್ಕೊಂದು ಕೊಂಬೆ, ಏಣಿ ಮೆಟ್ಟಿಲಿನಂಗೆ ನಾಲ್ಕೈದು ಸಾಲು. ಮುಂದಕ್ಕೂ ಕೊಂಬೆ ಇಲ್ಲ, ಹಿಂದಕ್ಕೂ ಇಲ್ಲ. ಪುಸ್ತಕದೊಳಗೆ ಒತ್ತಿಟ್ಟ ಎಲೆಯಷ್ಟು ಚಪ್ಪಟೆ. ಕೊಂಬೆ ತುಂಬಾ ಪಿಯರ್ ಹಣ್ಣು. ಇದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅಂದವರೂ ಇದ್ದಾರೆ, ಸಸಿ ಎಲ್ಲಿ ಸಿಗುತ್ತೆ ಅಂತ ಕೇಳಿದವರೂ ಇದ್ದಾರೆ. ಮರ ನಿಜ. ಆದರೆ ಪಿಯರ್ ಸಸಿ ನಮ್ಮ ದಾವಣಗೆರೆ, ಹರಿಹರದ ಸೀಮೆಗೆ ಆಗಿಬರೋದಲ್ಲ. ಮರ ಬೇಡ, ಅದರ ಕಥೆ ಮಾತ್ರ ನಮಗೆ ಬೇಕು. ಯಾಕೆ ಅಂತ ಹೇಳ್ತೀನಿ.

ಕೃಷಿ ಗಣತಿ ಪ್ರಕಾರ 1970-71ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಹಿಡುವಳಿ ಸರಾಸರಿ 3.20 ಹೆಕ್ಟೇರ್ ಇತ್ತು, ಅಂದರೆ ಹತ್ತಿರ ಹತ್ತಿರ 8 ಎಕರೆ. 2015-16ಕ್ಕೆ ಅದು 1.36 ಹೆಕ್ಟೇರಿಗೆ ಇಳೀತು, ಅಂದರೆ ಮೂರು ಎಕರೆ ಚಿಲ್ಲರೆ. ಹೊಲ ಸಣ್ಣದಾದದ್ದು ಗಣತಿಯಲ್ಲಿ ಕಾಣುತ್ತೆ. ಹಿತ್ತಲು ಸಣ್ಣದಾದದ್ದನ್ನ ಯಾವ ಗಣತಿಯೂ ಬರೆದುಕೊಳ್ಳಲ್ಲ. ಅಪ್ಪನ ಕಾಲದಲ್ಲಿ ಮನೆ ಹಿಂದೆ ಒಂದು ಪೇರಲ, ಒಂದು ನಿಂಬೆ, ಒಂದು ನುಗ್ಗೆ, ಒಂದು ಕರಿಬೇವು ಇದ್ದವು. ಅಣ್ಣ ತಮ್ಮಂದಿರು ಪಾಲಾದರು, ನಡುವೆ ಕಾಂಪೌಂಡ್ ಎದ್ದಿತು. ಪೇರಲದ ಕೊಂಬೆ ಆ ಕಡೆ ಚಾಚಿತು, ಕಸ ಬೀಳುತ್ತೆ ಅಂತ ಮಾತು ಬಂತು, ಮರಕ್ಕೆ ಕೊಡಲಿ ಬಿತ್ತು. ನಮ್ಮೂರಲ್ಲಿ ಮಾತ್ರ ಅಲ್ಲ, ಸುತ್ತ ಹತ್ತು ಹಳ್ಳಿಯಲ್ಲಿ ಇದೇ ಕಥೆ. ಹೊಲದ ಕಡೆ ನೋಡಿದರೆ ಭದ್ರಾ ನೀರು ಬಂದಲ್ಲಿ ಭತ್ತ ಹೋಗಿ ಅಡಿಕೆ ಬರ್ತಾ ಐತೆ, ನೀರು ಬಾರದಲ್ಲಿ ಮೆಕ್ಕೆಜೋಳ. ಮನೆ ಮಕ್ಕಳು ತಿನ್ನೋ ಹಣ್ಣಿನ ಗಿಡಕ್ಕೆ ಅಲ್ಲೂ ಜಾಗ ಇಲ್ಲ, ಇಲ್ಲೂ ಇಲ್ಲ. ರೈತನ ಮನೆಗೆ ಹಣ್ಣು ಪೇಟೆಯಿಂದ ಬರೋ ಹಂಗಾಗೈತೆ.

ಈ ಇಕ್ಕಟ್ಟು ಹೊಸದಲ್ಲ. ಜಾಗ ಇಲ್ಲದ ಕಡೆ ಮರ ಬೆಳೆಸೋ ಉಪಾಯವನ್ನು ಬೇರೆ ದೇಶದವರೂ ಮಾಡಿದ್ದಾರೆ, ನಮ್ಮ ಹಿರಿಯರೂ ಬೇರೆ ರೀತಿಯಲ್ಲಿ ಮಾಡಿದ್ದಾರೆ.

ಹೆಸರು ಬಂತು, ಹಣ್ಣು ಬರಲಿಲ್ಲ

ಮೊದಲು ಹೆಸರಿನ ವಿಚಾರ. ಬೆಂಗಳೂರು, ಮೈಸೂರಿನ ಕಡೆ ಸೀಬೆ ಅಂತಾರೆ, ಚೇಪೆ ಅಂತಾರೆ. ನಮ್ಮ ಕಡೆ ಮತ್ತು ಇಲ್ಲಿಂದ ಮೇಲಕ್ಕೆ ಪೇರಲ. ಕರಾವಳಿಯಲ್ಲಿ ಪೇರಳೆ. ಮರಾಠಿಯಲ್ಲಿ ಪೇರು. ಪೋರ್ಚುಗೀಸ್ ಭಾಷೆಯಲ್ಲಿ ಪಿಯರ್ ಹಣ್ಣಿಗೆ 'ಪೇರಾ' ಅಂತ ಹೆಸರು. ಅವರು 1510ರಲ್ಲಿ ಗೋವಾ ಹಿಡಿದರು. ಅಮೆರಿಕ ಖಂಡದಿಂದ ಗೋಡಂಬಿ, ಮೆಣಸಿನಕಾಯಿ, ಅನಾನಸ್ ತಂದವರೂ ಅವರೇ, ಈ ಹಣ್ಣನ್ನು ತಂದವರೂ ಅವರೇ. ಕಾಂಡದ ಕಡೆ ಸಪೂರ, ಬುಡದ ಕಡೆ ದಪ್ಪ ಇರೋ ಹಣ್ಣಿಗೆ ತಮ್ಮೂರಿನ ಪಿಯರ್ ಹೆಸರೇ ಅಂಟಿಕೊಂಡಿತು ಅಂತ ಭಾಷೆ ಬಲ್ಲವರು ಹೇಳ್ತಾರೆ. ಹಂಗಾಗಿ ನಾವು ಪೇರಲ ಅಂದಾಗಲೆಲ್ಲ ನೋಡದೇ ಇರೋ ಪಿಯರ್ ಹಣ್ಣಿನ ಹೆಸರನ್ನೇ ಹೇಳ್ತಾ ಇದ್ದೀವಿ.

ನಿಜವಾದ ಪಿಯರ್‌ಗೆ ಕನ್ನಡದಲ್ಲಿ ಮರಸೇಬು ಅಂತಾರೆ, ಬೆಂಗಳೂರು ಸುತ್ತ ಬೇರಿಕಾಯಿ. ದಕ್ಷಿಣದಲ್ಲಿ ಅದು ಬೆಳೆಯೋದು ನೀಲಗಿರಿ, ಕೊಡೈಕೆನಾಲ್‌ನಂಥ ತಂಪು ಬೆಟ್ಟದಲ್ಲಿ. ಕಾರಣ ಸರಳ. ಪಿಯರ್ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗೋ ಮರ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇಂತಿಷ್ಟು ಗಂಟೆ ಮಲಗಿದರೇ ಅದರ ಮೊಗ್ಗು ಸರಿಯಾಗಿ ಎಚ್ಚರ ಆಗೋದು. ಯುರೋಪಿನ ಹೆಸರಾದ ಬಹಳಷ್ಟು ತಳಿಗಳಿಗೆ ಸಾವಿರ ಗಂಟೆಯ ಆಸುಪಾಸು ಬೇಕು. ಪಂಜಾಬಿನಲ್ಲಿ ಬೆಳೆಯೋ ಪತ್ಥರನಾಖ್‌ನಂಥ ಗಟ್ಟಿ ಪಿಯರ್‌ಗೆ ಅದಕ್ಕಿಂತ ಬಹಳ ಕಡಿಮೆ ಚಳಿ ಸಾಕು, ಆದರೆ ಅಷ್ಟೂ ನಮ್ಮಲ್ಲಿಲ್ಲ. ನಮ್ಮ ಡಿಸೆಂಬರ್, ಜನವರಿ ರಾತ್ರಿ 14-15 ಡಿಗ್ರಿಗೆ ಬಂದರೆ ನಾವು ಕಂಬಳಿ ಹೊದೀತೀವಿ, ಪಿಯರ್‌ಗೆ ಅದು ಚಳಿನೇ ಅಲ್ಲ. ಯಾರಾದರೂ ಸಸಿ ಮಾರೋಕೆ ಬಂದರೆ ಇದೊಂದು ಮಾತು ನೆನಪಿರಲಿ.

ರಾಜನ ತರಕಾರಿ ತೋಟ

ಈಗ ಗೋಡೆ ಮರದ ಕಥೆಗೆ ಬರೋಣ. ಇದಕ್ಕೆ ಫ್ರೆಂಚಿನಲ್ಲಿ 'ಎಸ್ಪಾಲಿಯೇ' ಅಂತ ಹೆಸರು. ಇಟಲಿಯ ಭಾಷೆಯಲ್ಲಿ ಸ್ಪಾಲಾ ಅಂದರೆ ಭುಜ. ಅದರಿಂದ ಬಂದ ಸ್ಪಾಲಿಯೇರಾ ಅಂದರೆ ಬೆನ್ನು ಭುಜ ಒರಗಿಸೋ ಆಸರೆ. ನಾವು ಹೆಗಲು ಕೊಡೋದು ಅಂತೀವಲ್ಲ, ಆ ಮಾತು.

ಫ್ರಾನ್ಸಿನ ಉತ್ತರ ಭಾಗದಲ್ಲಿ ಬೇಸಿಗೆ ಚಿಕ್ಕದು. ಬಯಲಲ್ಲಿ ನಿಂತ ಮರದ ಹೂವು ವಸಂತದ ಇಬ್ಬನಿ ಹಿಮಕ್ಕೆ ಸುಟ್ಟು ಹೋಗುತ್ತೆ, ತಡವಾಗಿ ಬರೋ ಹಣ್ಣು ಮಾಗೋದೇ ಇಲ್ಲ. ಅದೇ ಮರವನ್ನ ಬಿಸಿಲು ಬೀಳೋ ಗೋಡೆಗೆ ಒರಗಿಸಿದರೆ ಗೋಡೆ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಅದನ್ನ ಮರಕ್ಕೆ ಬಿಟ್ಟುಕೊಡುತ್ತೆ. ಹಳ್ಳಿಯ ಪಾದ್ರಿಗಳು, ಮಠದವರು ಇದನ್ನ ಮಾಡಿ ನೋಡ್ತಾ ಇದ್ದರು. ನಾರ್ಮಂಡಿ ಸೀಮೆಯ ಹೆನೂವಿಲ್ ಹಳ್ಳಿಯ ಪಾದ್ರಿ ಲ ಜಾಂಡ್ರ್ ಹೆಸರಿನಲ್ಲಿ 1652ರಲ್ಲೇ ಹಣ್ಣಿನ ಮರ ಬೆಳೆಸೋ ಬಗ್ಗೆ ಒಂದು ಪುಸ್ತಕ ಬಂದಿತ್ತು.

ಇದಕ್ಕೆ ದೊಡ್ಡ ಹೆಸರು ತಂದವನು ಜಾನ್-ಬಾಪ್ಟಿಸ್ಟ್ ದ ಲಾ ಕ್ವಿಂಟಿನಿ. ಓದಿದ್ದು ವಕೀಲಿಕೆ, ಮನಸ್ಸು ಗಿಡದ ಮೇಲೆ. 14ನೇ ಲೂಯಿ ರಾಜ ತನ್ನ ವರ್ಸೈ ಅರಮನೆಗೆ ಹಣ್ಣು ತರಕಾರಿ ಬೆಳೆಯೋ ಕೆಲಸ ಇವನಿಗೆ ಒಪ್ಪಿಸಿದ. 1678ರಿಂದ 1683ರವರೆಗೆ ತೋಟ ಕಟ್ಟಿದರು. ಕೊಟ್ಟ ಜಾಗ ಎಂಥದ್ದು ಅಂದರೆ ಜನ ಅದನ್ನ ನಾರುವ ಹೊಂಡ ಅಂತ ಕರೀತಿದ್ದರು. ನೀರು ಬಸಿದು, ಬೇರೆ ಕಡೆಯಿಂದ ಮಣ್ಣು ತುಂಬಿ, ಎತ್ತರದ ಗೋಡೆ ಕಟ್ಟಿ ತೋಟವನ್ನ ಸಣ್ಣ ಸಣ್ಣ ಕೋಣೆ ಮಾಡಿದ. ಒಂದೊಂದು ಗೋಡೆಗೆ ಒಂದೊಂದು ದಿಕ್ಕು, ಒಂದೊಂದು ದಿಕ್ಕಿಗೆ ಒಂದೊಂದು ಬಿಸಿಲು, ಆ ಬಿಸಿಲಿಗೆ ತಕ್ಕ ತಳಿ. ಅವನಿಗೆ ಎಲ್ಲಕ್ಕಿಂತ ಪ್ರೀತಿ ಪಿಯರ್ ಮೇಲೆ, ಅದರಲ್ಲೂ ಚಳಿಗಾಲದ ತನಕ ಇಟ್ಟು ತಿನ್ನೋ 'ಬೋನ್ ಕ್ರೆಟಿಯೆನ್' ತಳಿ ಮೇಲೆ. 1688ರಲ್ಲಿ ತೀರಿಕೊಂಡ. ಅವನು ಬರೆದಿಟ್ಟದ್ದು 1690ರಲ್ಲಿ ಪುಸ್ತಕವಾಗಿ ಬಂತು, 1693ರಲ್ಲಿ ಇಂಗ್ಲಿಷಿಗೂ ಹೋಯಿತು. ಆ ತೋಟ ಇವತ್ತಿಗೂ ಐತೆ. ಸುಮಾರು 9 ಹೆಕ್ಟೇರ್, ಗೋಡೆಗೂ ತಂತಿಗೂ ಒರಗಿದ ಮರಗಳ ಸಮೇತ.

ಪಿಯರ್ ಇದಕ್ಕೆ ಯಾಕೆ ಅಷ್ಟು ಒಪ್ಪಿತು ಅನ್ನೋದು ನಮಗೆ ಮುಖ್ಯ. ಪಿಯರ್ ಎರಡು ಮೂರು ವರ್ಷದ ಕಡ್ಡಿಯ ಮೇಲೆ ಬೆರಳುದ್ದದ ಮೊಟಕು ರೆಂಬೆ ಬಿಟ್ಟು, ಅದರಲ್ಲೇ ವರ್ಷ ವರ್ಷ ಹೂವು ಬಿಡೋ ಮರ. ಕೊಂಬೆಯನ್ನ ಅಡ್ಡಕ್ಕೆ ಮಲಗಿಸಿ ಕಟ್ಟಿದರೆ ಸೊಕ್ಕಿ ಬೆಳೆಯೋದು ನಿಂತು, ಉದ್ದಕ್ಕೂ ಈ ಮೊಟಕು ರೆಂಬೆ ಎದ್ದು ನಿಲ್ಲುತ್ತೆ. ಜೊತೆಗೆ ಪಿಯರ್ ಕಣ್ಣನ್ನ ಕ್ವಿನ್ಸ್ ಅನ್ನೋ ಗಿಡ್ಡ ಗಿಡದ ಬೇರಿಗೆ ಕಸಿ ಮಾಡಿದರೆ ಮರ ಗಿಡ್ಡ ಆಗುತ್ತೆ, ಬೇಗ ಹಣ್ಣಿಗೆ ಬರುತ್ತೆ. ಮರದ ಸ್ವಭಾವ ತಿಳಿದು ಕೈ ಇಟ್ಟಿದ್ದರಿಂದಲೇ ಚಪ್ಪಟೆ ಮರದಲ್ಲಿ ಹಣ್ಣು ನಿಂತಿತು.

ಗೋಡೆಯಿಂದ ಬದುಕಿದ ಊರು

ರಾಜನ ತೋಟದ ಕಥೆ ಅಂದರೆ ನಮಗೇನು ಅನ್ನಬಹುದು. ರಾಜನಿಗೆ ಜಾಗದ ಕೊರತೆ ಇರಲಿಲ್ಲ. ಅದಕ್ಕೇ ನನಗೆ ಮೋಂತ್ರೇ ಅನ್ನೋ ಊರಿನ ಕಥೆ ಹೆಚ್ಚು ಹತ್ತಿರ. ಪ್ಯಾರಿಸಿನ ಪೂರ್ವಕ್ಕೆ ಅಂಟಿಕೊಂಡ ಊರು. ಅಲ್ಲಿಯ ಜಮೀನು ಕಿರಿದಾದ ಉದ್ದ ಪಟ್ಟಿ, ಪಾಲಾಗಿ ಪಾಲಾಗಿ ಇನ್ನೂ ಕಿರಿದಾದದ್ದು. ಅವರು ಆ ಪಟ್ಟಿಗಳ ನಡುವೆ ಗೋಡೆ ಎಬ್ಬಿಸಿ ಅದಕ್ಕೆ ಪೀಚ್ ಮರ ಒರಗಿಸಿದರು. ಗೋಡೆಗೆ ಊರಲ್ಲೇ ಸಿಗೋ ಜಿಪ್ಸಮ್ ಗಾರೆ ಬಳಿದರು. ಕೊಂಬೆ ಕಟ್ಟೋಕೆ ಹಗ್ಗ ಅಲ್ಲ, ಹಳೇ ಬಟ್ಟೆ ಹರಿದ ಚಿಂದಿ. ಚಿಂದಿಯನ್ನ ಕೊಂಬೆಗೆ ಸುತ್ತಿ ಎರಡು ತುದಿ ಸೇರಿಸಿ ಗಾರೆಗೆ ಮೊಳೆ ಹೊಡೆಯೋದು. ಕೊಂಬೆಗೆ ಗಾಯ ಆಗಲ್ಲ, ದಪ್ಪ ಆದಂಗೆ ಬಿಚ್ಚಿ ಮತ್ತೆ ಹೊಡೀಬಹುದು. ಮನೆ ಮಂದಿಯೆಲ್ಲ ಸೇರಿ ಮಾಡೋ ಕೆಲಸ.

19ನೇ ಶತಮಾನದಲ್ಲಿ ಆ ಊರಿನ ಗೋಡೆಗಳನ್ನ ಸಾಲಾಗಿ ಜೋಡಿಸಿದರೆ 600 ಕಿಲೋಮೀಟರ್ ಆಗ್ತಿತ್ತು ಅಂತ ಲೆಕ್ಕ ಹೇಳ್ತಾರೆ. ಲೋಕಿಕೆರೆಯಿಂದ ಬೆಂಗಳೂರಿಗೆ ಹೋಗಿ ಬರೋ ದಾರಿಗಿಂತ ಹೆಚ್ಚು. ಗೋಡೆ ಅಂದರೆ ನಮಗೆ ಪಾಲಿನ ಗೆರೆ, ಅವರು ಅದನ್ನೇ ಹೊಲ ಮಾಡ್ಕೊಂಡರು.

ಆಮೇಲೆ ಏನಾಯ್ತು ಅನ್ನೋದನ್ನೂ ಮರೆಮಾಚಬಾರದು. ರೈಲು ಬಂತು. ದಕ್ಷಿಣ ಫ್ರಾನ್ಸಿನ ಬಿಸಿಲಲ್ಲಿ, ಯಾವ ಗೋಡೆಯೂ ಇಲ್ಲದೆ, ಕಡಿಮೆ ಖರ್ಚಿನಲ್ಲಿ ಬೆಳೆದ ಪೀಚ್ ಒಂದೇ ರಾತ್ರಿಯಲ್ಲಿ ಪ್ಯಾರಿಸ್ ಮಾರುಕಟ್ಟೆಗೆ ಇಳೀತು. ಪಟ್ಟಣ ಬೆಳೆದು ಜಮೀನು ಸೈಟಾಯಿತು. ಮೋಂತ್ರೇ ಗೋಡೆಗಳು ಒಂದೊಂದೇ ಬಿದ್ದವು. ಉಳಿದ ಸ್ವಲ್ಪವನ್ನ ಈಗ ಕಾಪಾಡಿಕೊಂಡು ಬಂದಿದ್ದಾರೆ. ಇದರಿಂದ ನಾನು ತಿಳಿದದ್ದು ಇಷ್ಟು: ಕೈಕೆಲಸ ಜಾಸ್ತಿ ಬೇಡೋ ಇಂಥ ಮರ ಮಾರುಕಟ್ಟೆಗೆ ಅಂತ ಹಾಕಿದರೆ ಒಂದು ದಿನ ಲಾರಿ ರೈಲಿನ ಮುಂದೆ ಸೋಲುತ್ತೆ. ಮನೆಗೆ ಅಂತ ಹಾಕಿದರೆ ಸೋಲೋ ಪ್ರಶ್ನೆ ಇಲ್ಲ. ನಮ್ಮ ಗೋಡೆಯಲ್ಲಿ ಬಿಟ್ಟ ಹಣ್ಣಿಗೆ ದರ ಕಟ್ಟೋರು ಯಾರು?

ಗಾಳಿಗೆ ಹೆದರಿ ಚಪ್ಪರ ಹಾಕಿದವರು

ಜಪಾನಿನಲ್ಲೂ ಪಿಯರ್ ಐತೆ, 'ನಾಶಿ' ಅಂತಾರೆ. ಸೇಬಿನಂಗೆ ಗುಂಡಗೆ, ಕಡಿದರೆ ರಸ. ಅಲ್ಲಿ ಕಾಟ ಚಳಿಯದ್ದಲ್ಲ, ಹಣ್ಣು ಬಲಿಯೋ ಹೊತ್ತಿಗೆ ಬರೋ ಚಂಡಮಾರುತದ್ದು. ಅದಕ್ಕೆ ಅವರು ಕೊಂಬೆಗಳನ್ನ ಆಳೆತ್ತರದಲ್ಲಿ ಅಡ್ಡ ಹಂದರಕ್ಕೆ ಕಟ್ಟಿ ಹಾಕಿದರು. ಗಾಳಿ ಬಂದರೆ ಹಣ್ಣು ತೂಗಾಡಿ ಉದುರಲ್ಲ. ಈ ಪದ್ಧತಿ ಅಲ್ಲಿ ರಾಜರ ಕಾಲದಿಂದಲೂ ಐತೆ. 1888ರಲ್ಲಿ ಮತ್ಸುದೋ ಅನ್ನೋ ಕಡೆ ಒಬ್ಬ ಹುಡುಗನಿಗೆ ಕಸದ ಗುಂಡಿ ಹತ್ತಿರ ಒಂದು ನಾಶಿ ಸಸಿ ಸಿಕ್ಕಿತು. ಅದನ್ನ ಜೋಪಾನ ಮಾಡಿ ಬೆಳೆಸಿದ. ಅದೇ 'ನಿಜಿಸ್ಸೇಕಿ' ಅನ್ನೋ ಹೆಸರಾದ ತಳಿ ಆಯಿತು. ಅದನ್ನ ಹಂದರದ ಮೇಲೆ, ಒಂದೊಂದು ಕಾಯಿಗೂ ಕಾಗದದ ಚೀಲ ಕಟ್ಟಿ ಬೆಳೆಸ್ತಾರೆ.

ಫ್ರಾನ್ಸಿನವರು ಚಳಿಗೆ, ಜಪಾನಿನವರು ಗಾಳಿಗೆ. ಮರ ಒಂದೇ ಜಾತಿ, ಕಟ್ಟಿದ ಕಾರಣ ಬೇರೆ, ಕಟ್ಟಿದ ಆಕಾರವೂ ಬೇರೆ. ನಾವು ಕಟ್ಟಿದರೆ ಜಾಗಕ್ಕೆ, ನೀರಿಗೆ.

ನಮ್ಮ ನೆಲದಲ್ಲಿ ಇದಕ್ಕೆ ಹಳೇ ಬೇರು ಐತೆ

ಇದು ಫಾರಿನ್ ವಿದ್ಯೆ, ನಮಗೆ ಬರಲ್ಲ ಅಂತ ಯಾರಾದರೂ ಅಂದರೆ ನಾನು ಎಲೆತೋಟ ತೋರಿಸ್ತೀನಿ. ನಮ್ಮ ಕಡೆ ವೀಳ್ಯದೆಲೆ ಬೆಳೆದವರಿಗೆ ಗೊತ್ತು. ಮೊದಲು ಅಗಸೆ, ನುಗ್ಗೆ, ಹಾಲುವಾಣ ಸಾಲಾಗಿ ಎಬ್ಬಿಸಬೇಕು. ಆಮೇಲೆ ಬುಡಕ್ಕೆ ಬಳ್ಳಿ ಹಚ್ಚಬೇಕು. ಬೆಳೆದಂಗೆಲ್ಲ ಬಾಳೆ ನಾರಿನಲ್ಲಿ ಕಟ್ಟುತ್ತಾ ಹೋಗಬೇಕು. ಅಗಸೆಯ ರೆಂಬೆ ಸವರಿ ಬಿಸಿಲು ನೆರಳು ಹದ ಮಾಡಬೇಕು. ಬಳ್ಳಿ ತುದಿ ಮುಟ್ಟಿದಾಗ ಇಳಿಸಿ, ಬುಡದಲ್ಲಿ ಸುತ್ತಿ ಮಣ್ಣು ಕೊಟ್ಟು ಮತ್ತೆ ಹತ್ತಿಸಬೇಕು. ಆಸರೆ, ಕಟ್ಟು, ಸವರು, ಇಳಿಸು. ಲಾ ಕ್ವಿಂಟಿನಿ ಮಾಡಿದ್ದಕ್ಕಿಂತ ಇದೇನು ಕಡಿಮೆ ಕೈಚಳಕ? ಅವನಿಗೆ ಗೋಡೆ, ನಮಗೆ ಜೀವಂತ ಗೂಟ.

ಇದು ಎಷ್ಟು ಹಳೇದು ಅಂದರೆ, ಹರಿಹರೇಶ್ವರನ ಗುಡಿ ಕಟ್ಟಿದ್ದು 1224ರಲ್ಲಿ, ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಆ ಕಾಲದ, ಅದಕ್ಕೂ ಹಿಂದಿನ ಕನ್ನಡ ಶಾಸನಗಳಲ್ಲಿ ದೇವರಿಗೆ ಬಿಟ್ಟ ಗದ್ದೆ ಬೆದ್ದಲಿನ ಜೊತೆಗೆ ತೋಂಟ ಅಂತ ಪದೇ ಪದೇ ಬರುತ್ತೆ, ಹೂದೋಟ, ಎಲೆತೋಟ, ಅಡಿಕೆ ತೋಟ. ಸುಮಾರು 1025ರ ಹೊತ್ತಿಗೆ ಚಾಲುಕ್ಯರ ಆಸ್ಥಾನದ ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಗಿಡಮರದ ಆರೈಕೆಗೇ ಒಂದು ಅಧ್ಯಾಯ ಐತೆ, ಅದೂ ಕನ್ನಡದಲ್ಲಿ.

ಆಮೇಲೆ ದ್ರಾಕ್ಷಿ ಚಪ್ಪರ. ಬೆಂಗಳೂರು, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಆಳೆತ್ತರದಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಹರಡಿಸಿದರು. ವರ್ಷಕ್ಕೆರಡು ಸಲ ಚಾಟನಿ ಮಾಡಿ ಬೆಳೆ ತೆಗೆಯೋದನ್ನ ಕಲಿತರು. ವಿಜಯಪುರದ ಕಡೆ ಬೀಜ ಇಲ್ಲದ ದ್ರಾಕ್ಷಿಗೆ ಮೊದಲು ಚಪ್ಪರ, ಈಗ ವೈ ಆಕಾರದ ಕಂಬ. ಮನೆ ಮುಂದಿನ ಸೀಮೆಬದನೆ ಹಂದರ, ಹೀರೆ ಹಂದರ, ಅವರೆ ಹಂದರ ಯಾರಿಗೆ ಗೊತ್ತಿಲ್ಲ?

ಹೊಸ ಹಣ್ಣಿನ ಗಿಡ ಬಂದ ಬಾಗಿಲು ಲಾಲ್‌ಬಾಗ್. 1908ರಿಂದ 1932ರವರೆಗೆ ಅಲ್ಲಿದ್ದ ಕ್ರುಂಬಿಗಲ್ ಹುಟ್ಟಿದ್ದು ಜರ್ಮನಿಯ ಡ್ರೆಸ್ಡೆನ್ ಸೀಮೆಯಲ್ಲಿ, ಮನೆ ಗೋಡೆಗೆ ಪಿಯರ್ ಒರಗಿಸೋದು ವಾಡಿಕೆ ಇರೋ ನಾಡಲ್ಲಿ. ಅವರ ನಂತರದ ಪೀಳಿಗೆಯ ಡಾ. ಎಂ.ಎಚ್. ಮರಿಗೌಡರ ಕಾಲದಲ್ಲಿ ತೋಟಗಾರಿಕೆ ಬೇರೆ ಇಲಾಖೆ ಆಗಿ, ತಾಲ್ಲೂಕು ತಾಲ್ಲೂಕಿಗೆ ಸರ್ಕಾರಿ ತೋಟ, ನರ್ಸರಿ ಎದ್ದವು. ನಮ್ಮಂಥವರ ಹಿತ್ತಲಿಗೆ ಕಸಿ ಗಿಡ ಬಂದದ್ದು ಆ ದಾರಿಯಲ್ಲಿ. ಗಿಡ ಬಂತು. ಗಿಡವನ್ನ ಸಣ್ಣ ಜಾಗದಲ್ಲಿ ಹಿಡಿದಿಡೋ ಕೈ ಮಾತ್ರ ಎಲೆತೋಟ, ದ್ರಾಕ್ಷಿ ಚಪ್ಪರದಲ್ಲೇ ಉಳೀತು, ಹಿತ್ತಲ ಮರಕ್ಕೆ ಬರಲಿಲ್ಲ. ಆಗ ಹಿತ್ತಲು ದೊಡ್ಡದಿತ್ತು, ಅವಶ್ಯ ಬೀಳಲಿಲ್ಲ ಅಂತ ಕಾಣುತ್ತೆ.

ಪಿಯರ್ ಮಾಡಿದ್ದನ್ನ ಪೇರಲ ಮಾಡುತ್ತಾ?

ಮಾಡುತ್ತೆ, ಆದರೆ ಅದರ ಸ್ವಭಾವ ಬೇರೆ. ಪಿಯರ್ ಹಳೇ ಕಡ್ಡಿಯಲ್ಲಿ ಹೂ ಬಿಡುತ್ತೆ, ಪೇರಲ ಹೊಸ ಚಿಗುರಿನಲ್ಲಿ. ಹಂಗಾಗಿ ಪೇರಲದಲ್ಲಿ ಅಡ್ಡ ಕೊಂಬೆಯನ್ನ ಕಾಯಂ ಇಟ್ಟುಕೊಂಡು, ಅದರ ಮೇಲೆ ಬರೋ ಚಿಗುರನ್ನ ಬೆಳೆ ಮುಗಿದ ಮೇಲೆ ಎರಡು ಕಣ್ಣು ಬಿಟ್ಟು ಸವರಬೇಕು. ಸವರಿದಷ್ಟೂ ಚಿಗುರು, ಚಿಗುರಿದಷ್ಟೂ ಹೂವು. ನೆಟ್ಟಗೆ ಹೋಗೋ ಪೇರಲ ಕೊಂಬೆಯನ್ನ ಬಗ್ಗಿಸಿ ನೆಲದ ಗೂಟಕ್ಕೆ ಕಟ್ಟಿದರೆ ಮಲಗಿದ ಕಣ್ಣೆಲ್ಲ ಒಡೆದು ಕಾಯಿ ಬಿಡುತ್ತೆ ಅನ್ನೋದು ದಖ್ಖನಿನ ತೋಟಗಾರರಿಗೆ ಹಳೇ ವಿದ್ಯೆ. ಲಖನೌದ ಕೇಂದ್ರ ಸಂಶೋಧನಾ ಸಂಸ್ಥೆಯವರು ಪೇರಲವನ್ನ 2 ಮೀಟರ್‌ಗೆ 1 ಮೀಟರ್ ಅಂತರದಲ್ಲಿ, ಹೆಕ್ಟೇರಿಗೆ 5000 ಗಿಡ ಹಾಕಿ, ಸವರಿ ಸವರಿ ಗಿಡ್ಡ ಇಟ್ಟು ತೋರಿಸಿದ್ದಾರೆ. ಹಳೇ ಲೆಕ್ಕದಲ್ಲಿ 6 ಮೀಟರ್ ಅಂತರಕ್ಕೆ ಹೆಕ್ಟೇರಿಗೆ 277 ಗಿಡ. ಅಂದರೆ ಈ ಮರ ಕತ್ತರಿಗೆ ಹೆದರಲ್ಲ. ತಳಿ ಬೇಕಂದರೆ ಹೆಸರಘಟ್ಟದ ಸಂಸ್ಥೆಯ ಅರ್ಕಾ ಮೃದುಲಾ, ಕೆಂಪು ತಿರುಳಿನ ಅರ್ಕಾ ಕಿರಣ್ ಐತೆ.

ಆದರೆ ಒಂದು ಮಾತು ತಲೆಕೆಳಗು ಮಾಡಿಕೊಳ್ಳಬೇಕು. ಅಲ್ಲಿ ಗೋಡೆ ಬಿಸಿಗಾಗಿ. ಇಲ್ಲಿ ಏಪ್ರಿಲ್ ತಿಂಗಳು ಪಡುವಣ ಬಿಸಿಲಿಗೆ ಮುಖ ಮಾಡಿದ ಸಿಮೆಂಟ್ ಗೋಡೆ ಹೆಂಚಾಗುತ್ತೆ, ಎಲೆ, ಕಾಯಿ ಎರಡೂ ಬೇಯುತ್ತೆ. ನಮಗೆ ಮೂಡಲು ಮುಖದ ಗೋಡೆ ಒಳ್ಳೇದು. ಅದಕ್ಕಿಂತ ಒಳ್ಳೇದು ಬೇಲಿಯಂಗೆ ಬಯಲಲ್ಲಿ ಎರಡು ಕಲ್ಲುಕಂಬ, ಮೊಣಕಾಲೆತ್ತರದಿಂದ ಶುರು ಮಾಡಿ ಒಂದೂವರೆ ಅಡಿಗೊಂದರಂತೆ ಮೂರು ತಂತಿ. ಎರಡೂ ಕಡೆ ಗಾಳಿ ಆಡುತ್ತೆ, ಹಿಟ್ಟು ತಿಗಣೆ ಕಾಟ ಕಡಿಮೆ. ಗೋಡೆಗೇ ಹಾಕೋದಾದರೆ ಬುಡ ಎರಡಡಿ ದೂರ ಇರಲಿ, ಪಾಯಕ್ಕೆ ತೇವ ಹೋಗಬಾರದು.

ಮಾಡೋ ಕ್ರಮ 350 ವರ್ಷದಿಂದ ಹೆಚ್ಚು ಬದಲಾಗಿಲ್ಲ. ಒಂಟಿ ಕಾಂಡದ ಸಸಿ ಹಚ್ಚಿ, ಮೊದಲ ತಂತಿ ಎತ್ತರಕ್ಕೆ ಕತ್ತರಿಸೋದು. ಬಂದ ಚಿಗುರಿನಲ್ಲಿ ಮೂರು ಇಟ್ಟು ಉಳಿದದ್ದು ಚಿವುಟೋದು. ಎರಡು ಅಕ್ಕಪಕ್ಕಕ್ಕೆ, ಒಂದು ಮೇಲಕ್ಕೆ. ಅಕ್ಕಪಕ್ಕದ್ದನ್ನ ಎಳೇದಿದ್ದಾಗ ಓರೆಯಾಗಿ ಕಟ್ಟಿ, ಬಲಿತಂಗೆ ನಿಧಾನ ಇಳಿಸಿ ಅಡ್ಡ ಮಾಡೋದು. ಮೇಲಿನದು ಎರಡನೇ ತಂತಿ ದಾಟಿದಾಗ ಮತ್ತೆ ಅದೇ ಕೆಲಸ. ಮುಂದಕ್ಕೆ ಹಿಂದಕ್ಕೆ ಬಂದದ್ದೆಲ್ಲ ತೆಗೆಯೋದು. ಕಟ್ಟೋಕೆ ತಂತಿ, ಪ್ಲಾಸ್ಟಿಕ್ ಬೇಡ, ಮೋಂತ್ರೇಯವರ ಹಂಗೆ ಹಳೇ ಸೀರೆ ಚಿಂದಿ ಸಾಕು. ಕಾಯಿ ಎಲ್ಲ ಕೈಗೆ ಸಿಗೋ ಎತ್ತರದಲ್ಲಿ ಇರೋದರಿಂದ ಹಣ್ಣುನೊಣಕ್ಕೆ ಕಾಗದದ ಚೀಲ ಕಟ್ಟೋದು ಸುಲಭ. ಅಂಜೂರವೂ ಹೀಗೇ ಬಗ್ಗುತ್ತೆ. ಮಾವು, ಹಲಸನ್ನ ಹೀಗೆ ಹಿಡಿಯೋಕೆ ಹೋಗಬೇಡ್ರಿ, ಅವು ಕೇಳಲ್ಲ.

ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಪಟ್ಟಿ ಒಂದು ಗಿಡಕ್ಕೆ ಸಾಕು. ಇದರಿಂದ ಯಾರ ಸಾಲವೂ ತೀರಲ್ಲ, ಅಡಿಕೆಗೆ ಇದು ಬದಲಿಯೂ ಅಲ್ಲ. ಆದರೆ ಅಣ್ಣ ತಮ್ಮಂದಿರ ನಡುವೆ ಎದ್ದ ಕಾಂಪೌಂಡಿನ ಉದ್ದಕ್ಕೂ ಎರಡೂ ಕಡೆ ಒಂದೊಂದು ಚಪ್ಪಟೆ ಪೇರಲ ನಿಲ್ಲಬಹುದು, ಕೊಂಬೆ ಆ ಕಡೆ ಹೋಗಲ್ಲ, ಮಾತೂ ಬರಲ್ಲ. ಹಾಗಂತ ಹಣ್ಣು ಆ ಕಡೆ ಕೊಡಬಾರದು ಅಂತೇನೂ ಇಲ್ಲ.

ನಿಮ್ಮಲ್ಲಿ ಎಲೆತೋಟ ಮಾಡಿದ ಹಿರಿಯರು ಯಾರಾದರೂ ಇದ್ದರೆ, ಕಟ್ಟು ಹಾಕೋ ಕೈ ಇನ್ನೂ ನೆನಪಿದ್ದರೆ, ಅವರ ಹತ್ತಿರ ಕೂತು ಕೇಳಿಸ್ಕೊಳ್ರಿ. ಫ್ರಾನ್ಸಿನ ಪುಸ್ತಕಕ್ಕಿಂತ ಅವರ ಬೆರಳಿಗೆ ಹೆಚ್ಚು ಗೊತ್ತಿರುತ್ತೆ. ಮುಂಗಾರಿನ ಮೊದಲ ಹದ ಮಳೆಗೆ ಸಸಿ ಹಚ್ಚಿದರೆ ಚೆನ್ನಾಗಿ ಹತ್ತುತ್ತೆ, ಅಷ್ಟರೊಳಗೆ ಕಂಬ ನೆಟ್ಟುಕೊಂಡಿರ್ರಿ.